ನಾಲ್ಕು ಲೈಫ್ ಜಾಕೆಟ್

ಮೇ 26, ಸೋಮವಾರ, ಬೆಳಗ್ಗೆ 10.40ಕ್ಕೆ ಬಿಟಿಎಂ ಲೇಔಟ್ ಎರಡನೇ ಹಂತದ ಠಾಣೆಗೆ ದೂರು ಬಂತು. ಸೋಮವಾರದ ದೂರುಗಳಿಗೆ ಅವುಗಳದೇ ಒಂದು ಧಾಟಿಯಿದೆ. ಶನಿವಾರದ ಪಾರ್ಟಿಯಲ್ಲಿ ಕಳೆದ ಮೊಬೈಲು, ಪಿಜಿ ಬಾಗಿಲಿನಿಂದ ಮಾಯವಾದ ಹೊಸ ಶೂ, ಇನ್ಯಾರದೋ ಗೇಟಿಗೆ ಅಡ್ಡ ನಿಂತ ಕಾರು. ಇನ್‌ಸ್ಪೆಕ್ಟರ್ ಅರ್ಪಿತ ಅಂಥ ಮೂರನ್ನು ಆಗಲೇ ಕೇಳಿ ಮುಗಿಸಿ, ಆರಿಹೋದ ಕಾಫಿಗೆ ಕೈ ಚಾಚಿದ್ದಳು. ಎದುರಿಗೆ ಬಂದ ಹುಡುಗಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಮ್ಮಣ್ಣ ಮನಿಗೆ ಬಂದಿಲ್ರೀ ಮೇಡಂ. ಸಮುದ್ರಕ್ಕ ಹೋಗಿದ್ದ.”

ಹೆಸರು ಭಾಗ್ಯಜ್ಯೋತಿ, ವಯಸ್ಸು 24, ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಊರು ಬಾಗಲಕೋಟೆಯ ಕಡೆ. ಅಣ್ಣ ಗುರುಸಿದ್ದ, 28, ಜೆ.ಪಿ. ನಗರದ ಕಾಲ್ ಸೆಂಟರ್ ಒಂದರಲ್ಲಿದ್ದ. ಅಣ್ಣ ತಂಗಿ ಇಬ್ಬರೂ ಬಿಟಿಎಂನ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ಶುಕ್ರವಾರ ರಾತ್ರಿ ಅವನು ತನ್ನ ಆಫೀಸಿನ ಗೆಳೆಯ ಚಿರಂತ್ ಮತ್ತು ಚಿರಂತನ ಇಬ್ಬರು ಸ್ನೇಹಿತರ ಜೊತೆ ಕುಮಟಾ ಕಡೆಗೆ ಹೊರಟಿದ್ದ. ಕಯಾಕ್ ಅಂದರೆ ಒಬ್ಬರೋ ಇಬ್ಬರೋ ಕೂತು ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಅದರಲ್ಲಿ ಸಮುದ್ರ ಸುತ್ತಿ, ರಸ್ತೆಯೇ ಇಲ್ಲದ ಒಂದು ಕಡಲತೀರದಲ್ಲಿ ಟೆಂಟ್ ಹಾಕಿ ಮಲಗಿ, ಭಾನುವಾರ ವಾಪಸಾಗುವುದು ಅವರ ಯೋಜನೆ. ಮಳೆಗಾಲ ಬಂದು ಸಮುದ್ರ ಮುಚ್ಚುವ ಮೊದಲು ಸೀಸನ್ನಿನ ಕೊನೆಯ ಟ್ರಿಪ್ ಅದು.

“ಕೊನೆಗೆ ಮಾತಾಡಿದ್ದು?”

“ಶನಿವಾರ ಮಧ್ಯಾಹ್ನ. ಇನ್ನ ನಾಳೆತನಕ ಫೋನ್ ಇರಂಗಿಲ್ಲ ಅಂದ.”

“ಆಮೇಲೆ?”

“ನಿನ್ನೆ ಎರಡು ನಲವತ್ತೊಂದಕ್ಕ ಮೆಸೇಜ್ ಬಂತ್ರೀ. ಬಸ್‌ನ್ಯಾಗ ಇದ್ದೀನಿ, ತಡ ಆಗ್ತದ ಅಂತ. ಆಮ್ಯಾಲ ಫೋನ್ ಆಫ್.”

“ಈಜು ಬರುತ್ತಾ ಅವರಿಗೆ?”

“ಬರಂಗಿಲ್ರೀ.”

ಇಪ್ಪತ್ತೆಂಟು ವರ್ಷದ ಗಂಡಸು ಒಂದು ರಾತ್ರಿ ಮನೆಗೆ ಬರದಿದ್ದರೆ ಪೊಲೀಸರ ಎದೆ ಡವಡವ ಅನ್ನುವುದಿಲ್ಲ. ಇಂಥವರಲ್ಲಿ ಮುಕ್ಕಾಲು ಪಾಲು ಜನ ಸಂಜೆಯೊಳಗೆ ಪೆಚ್ಚು ಮುಖ ಹೊತ್ತು ತಾವಾಗಿಯೇ ಬರುತ್ತಾರೆ ಎಂಬುದು ಅರ್ಪಿತಳ ಹನ್ನೆರಡು ವರ್ಷದ ಅನುಭವ. ಬಸ್‌ನಲ್ಲಿದ್ದೇನೆ ಎಂದು ಮೆಸೇಜ್ ಮಾಡಿದವನು ಸಮುದ್ರದಲ್ಲಂತೂ ಇಲ್ಲವಲ್ಲ ಎಂದುಕೊಂಡಳು. ಆದರೂ 11.15ಕ್ಕೆ ಕಾಣೆಯಾದ ಪ್ರಕರಣ ಎಂದು ಎಫ್‌ಐಆರ್ ದಾಖಲಿಸಿದಳು. ಗುರುಸಿದ್ದನ ಫೋನಿನ ಕರೆ ಮತ್ತು ಟವರ್ ವಿವರಕ್ಕೆ ಪತ್ರ ಹೋಯಿತು. ಭಾಗ್ಯಜ್ಯೋತಿ ಮನೆಗೆ ಹೋಗಲು ಒಪ್ಪದೆ ಹೊರಗಿನ ಬೆಂಚಿನ ಮೇಲೆ ಕೂತಳು. ಸಿಂದಗಿ ಕಡೆಯವನಾದ ಹೆಡ್ ಕಾನ್‌ಸ್ಟೆಬಲ್ ಭೀಮರಾಯ ಅವಳಿಗೆ ಟೀ ತರಿಸಿಕೊಟ್ಟ.

ಠಾಣೆಯಿಂದ ಫೋನ್ ಹೋದ ಮೇಲೆ 12.50ಕ್ಕೆ ಚಿರಂತ್ ಬಂದ. ಇಟ್ಟಮಡುವಿನ ಹುಡುಗ, ಮೂವತ್ತು ವರ್ಷ, ಗಟ್ಟಿ ಮೈಕಟ್ಟು. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಕೇಳುವ ಮೊದಲೇ ಆಧಾರ್ ಕಾರ್ಡ್ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತ.

“ಸಿದ್ದು ಇನ್ನೂ ಬಂದಿಲ್ವಾ ಮೇಡಂ? ನಂಗೂ ಶಾಕ್ ಆಯ್ತು.”

“ಎಲ್ಲಿ ಬಿಟ್ರಿ ಅವರನ್ನ?”

“ನಿನ್ನೆ ಬೆಳಗ್ಗೆ ಐದೂವರೆಗೆ ಅರ್ಜೆಂಟ್ ಕೆಲಸ ಇದೆ, ಮುಂಚೆ ಹೊರಡ್ತೀನಿ ಅಂದ. ನಾನೇ ಕಯಾಕಲ್ಲಿ ದೋಣಿ ಕಟ್ಟೋ ಜೆಟ್ಟಿ ತನಕ ಬಿಟ್ಟು ಬಂದೆ. ಬಸ್ ಹಿಡೀತೀನಿ ಅಂದ.”

“ಉಳಿದಿಬ್ಬರು?”

“ಮನು, ಮಧುಶ್ರೀ ಮಲಗಿದ್ರು. ನಾವು ಮೂರು ಜನ ಮಧ್ಯಾಹ್ನ ನನ್ನ ಕಾರಲ್ಲಿ ಹೊರಟ್ವಿ.”

ಅವನೇ ತನ್ನ ಫೋನ್ ತೆಗೆದು ಗುರುಸಿದ್ದನ ನಂಬರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದ. ಸ್ವಿಚ್ ಆಫ್. ತುಟಿ ಕಚ್ಚಿ ತಲೆಯಾಡಿಸಿದ. 1.15ಕ್ಕೆ ಹೇಳಿಕೆಗೆ ಸಹಿ ಹಾಕಿ, ಹೊರಗೆ ಭಾಗ್ಯಜ್ಯೋತಿಯ ಎದುರು ಒಂದು ನಿಮಿಷ ನಿಂತು, “ಬರ್ತಾನೆ ಸಿಸ್ಟರ್, ಟೆನ್ಷನ್ ಮಾಡ್ಕೋಬೇಡಿ” ಎಂದು ಧೈರ್ಯ ಹೇಳಿ ಹೋದ. ಅರ್ಪಿತ ಅವನನ್ನು ಹೋಗಲು ಬಿಟ್ಟಳು. ಬಿಡದಿರಲು ಕಾರಣವೇ ಇರಲಿಲ್ಲ.

ಎರಡರಿಂದ ನಾಲ್ಕರವರೆಗೆ ಮೇಲಧಿಕಾರಿಗಳ ಮೀಟಿಂಗು. ಮನು ಜಯನಗರದವನು, ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ. ಫೋನಿನಲ್ಲಿ ಚಿರಂತ್ ಹೇಳಿದ್ದನ್ನೇ ಹೇಳಿದ. ತಾನು ಕಣ್ಣಾರೆ ನೋಡಿಲ್ಲ, ಏಳಕ್ಕೆ ಎದ್ದಾಗ ಸಿದ್ದು ಇರಲಿಲ್ಲ, ಬಿಟ್ಟು ಬಂದೆ ಅಂತ ಚಿರಂತ್ ಅಂದ, ಅಷ್ಟೇ. 4.35ಕ್ಕೆ ಅರ್ಪಿತ, ಭೀಮರಾಯ ಜೆ.ಪಿ. ನಗರದಲ್ಲಿ ಮಧುಶ್ರೀಯ ಮನೆಯಲ್ಲಿದ್ದರು. ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಭುಜ ನೋವಿಗೆ ಮುಲಾಮು ಹಚ್ಚಿಕೊಂಡ ವಾಸನೆ ಕೋಣೆ ತುಂಬಿತ್ತು.

“ಶನಿವಾರದಿಂದ ಫೋನ್ ಇರಲ್ಲ ಅಂದಿದ್ರಂತೆ ಗುರುಸಿದ್ದ. ಯಾಕೆ?”

“ಅದು ಚಿರಂತ್ ರೂಲ್ ಮೇಡಂ. ಸಮುದ್ರಕ್ಕಿಳಿಯೋ ಮುಂಚೆ ಎಲ್ಲರ ಫೋನೂ ಒಂದೇ ವಾಟರ್‌ಪ್ರೂಫ್ ಬ್ಯಾಗಿಗೆ ಹಾಕ್ತೀವಿ. ಲಾಕ್ ತೆಗೆದು ಹಾಕ್ಬೇಕು. ಏನಾದ್ರೂ ಆದ್ರೆ ಯಾರ ಫೋನಿಂದ ಬೇಕಾದ್ರೂ ಕಾಲ್ ಮಾಡ್ಬಹುದು ಅಂತ. ವಾಪಸ್ ದಡಕ್ಕೆ ಬಂದ ಮೇಲೇ ಕೊಡೋದು.”

“ಬ್ಯಾಗ್ ಎಲ್ಲಿತ್ತು ಶನಿವಾರ ರಾತ್ರಿ?”

“ನನ್ನ ಟೆಂಟಲ್ಲಿ. ದಿಂಬು ಇರ್ಲಿಲ್ಲ, ಅದನ್ನೇ ತಲೆ ಕೆಳಗೆ ಇಟ್ಕೊಂಡಿದ್ದೆ.”

“ಬೆಳಗ್ಗೆ ಗುರುಸಿದ್ದ ತಮ್ಮ ಫೋನ್ ತಗೊಂಡ್ರಾ?”

ಮಧುಶ್ರೀ ಇಲ್ಲ ಎಂದು ತಲೆಯಾಡಿಸಿದಳು. ಬ್ಯಾಗನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ತಲೆಯಿಟ್ಟೇ ಅವಳು ಏಳರವರೆಗೆ ಮಲಗಿದ್ದಳು. ಜೆಟ್ಟಿಯಲ್ಲಿ ಅದನ್ನು ಬಿಚ್ಚಿದವನು ಚಿರಂತ್. ಒಳಗೆ ಎಷ್ಟು ಫೋನಿತ್ತೆಂದು ಅವಳಾಗಲಿ ಮನುವಾಗಲಿ ನೋಡಿರಲಿಲ್ಲ.

“ಮೇಡಂ, ಹಾಗಾದ್ರೆ ಮೆಸೇಜ್ ಮಾಡಿದ್ದು ಯಾರು?” ಎಂದಳು ಮಧುಶ್ರೀ.

5.20ಕ್ಕೆ ಟವರ್ ವಿವರ ಬಂತು. ಭಾನುವಾರ 2.41ರ ಮೆಸೇಜು ಹೋಗಿದ್ದು ಜೆಟ್ಟಿಯ ಪಕ್ಕದ ಟವರಿನಿಂದ. ಬೆಳಗ್ಗೆಯೇ ಬಸ್ ಹತ್ತಿದವನ ಫೋನು ಎಂಟು ಗಂಟೆ ಕಳೆದರೂ ಜೆಟ್ಟಿಯಲ್ಲೇ ಇತ್ತು. ಅರ್ಪಿತ ಜೀಪಿನಲ್ಲಿ ಕೂತೇ ಕಯಾಕ್ ಬಾಡಿಗೆ ಕೊಟ್ಟ ದೇವಿದಾಸ ಹರಿಕಂತ್ರನ ನಂಬರ್ ಹುಡುಕಿ ಕರೆ ಮಾಡಿದಳು.

“ಹೌದು ಮೇಡಂ, ಇಬ್ಬರು ಕೂರೂ ಕಯಾಕ್ ಎರಡು ಕೊಟ್ಟಿದ್ದೆ. ಮೇ ಅರ್ಧ ಕಳೆದ ಮೇಲೆ ಒಂಟಿ ಕಯಾಕ್ ಕೊಡೂದಿಲ್ಲ ನಾನು.”

“ಭಾನುವಾರ ಬೆಳಗ್ಗೆ ಅದರಲ್ಲಿ ಒಂದು ಜೆಟ್ಟಿಗೆ ಬಂತಾ?”

“ಇಲ್ಲ. ಈ ಟೈಮಿನಲ್ಲಿ ಕಯಾಕ್ ಹೊರಗಿದ್ರೆ ನಾನು ಜೆಟ್ಟಿಯಲ್ಲೇ ಮಲಗೂದು. ನಾಲ್ಕಕ್ಕೇ ಎದ್ದು ಕೂತಿದ್ದೆ. ಮಧ್ಯಾಹ್ನ ಎರಡೂವರೆಗೆ ಎರಡೂ ಒಟ್ಟಿಗೆ ಬಂದವು.”

“ಎಷ್ಟು ಜನ ಇಳಿದರು?”

“ನಾಲ್ಕು ಜಾಕೆಟ್ ಬಂತು.”

“ಜಾಕೆಟ್ ಅಲ್ಲ, ಜನ ಎಷ್ಟು?”

ದೇವಿದಾಸನ ಮಾತು ನಿಧಾನವಾಯಿತು. “ನಾವು ಜಾಕೆಟ್ ಎಣಿಸೂದು ಮೇಡಂ. ಜನ ಇಳಿದವರೇ ಅಂಗಡಿಗೆ, ಬಾತ್‌ರೂಮಿಗೆ ಓಡ್ತಾರೆ, ಎಣಿಸಲಿಕ್ಕೆ ಸಿಗೂದಿಲ್ಲ. ಜಾಕೆಟ್ ವಾಪಸ್ ಕೊಡದೆ ಯಾರೂ ಹೋಗೂದಿಲ್ಲ. ನಾಲ್ಕು ಜಾಕೆಟ್ ಬಂದ್ರೆ ನಾಲ್ಕು ಜನ ಬಂದ ಹಾಗೆ. ಆ ಚಿರಂತ್ ಅವ್ರೇ ನಾಲ್ಕನ್ನೂ ಒಟ್ಟಿಗೆ ತಂದು ಕೊಟ್ರು.” ಮತ್ತೆ ತಡೆದು ಹೇಳಿದ. “ಮೂರು ಒದ್ದೆ ಇತ್ತು. ಒಂದು ಪೂರ್ತಿ ಒಣಗಿತ್ತು. ನಾನು ಅದನ್ನ ಕೈಯಲ್ಲಿ ಹಿಡಿದೂ ಯೋಚನೆ ಮಾಡ್ಲಿಲ್ಲ.”

ಈಜು ಬಾರದ ಒಬ್ಬ ಮನುಷ್ಯ ಸಮುದ್ರದ ನಡುವೆ ಯಾವುದೋ ಹೊತ್ತಿನಲ್ಲಿ ಜಾಕೆಟ್ ಬಿಚ್ಚಿದ್ದ, ಮತ್ತೆ ತೊಟ್ಟಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸೈರನ್ ಹಾಕಿಸಿಕೊಂಡು ಇಟ್ಟಮಡು ಮುಟ್ಟುವಾಗ 6.20.

ಚಿರಂತನ ಅಪ್ಪ ಗಂಗಾಧರಯ್ಯ ಹಳೇ ಊರಿನ ಕುಳ. ಹಿಂದೆ ರಾಗಿ ಬೆಳೆದಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎಬ್ಬಿಸಿದ್ದ. ಗೇಟಿಗೆ ಬಂದವಳು ತಾಯಿ ಅಕ್ಕಯಮ್ಮ.

“ಮಲಗಿದಾನೆ ಮೇಡಂ. ಎರಡು ದಿನ ಸಮುದ್ರದಲ್ಲಿ ಅಲ್ವಾ, ಸುಸ್ತು. ಊಟ ಮಾಡಿದವನು ಎದ್ದೇ ಇಲ್ಲ. ಎಬ್ಬಿಸ್ಲಾ?”

ಮಲಗಿದ್ದಾನೆ ಎಂಬ ಮಾತು ಕೇಳಿ ಭೀಮರಾಯ ಅರ್ಪಿತಳ ಮುಖ ನೋಡಿದ. ಇಬ್ಬರೂ ಮೆಟ್ಟಿಲು ಹತ್ತಿದರು. ಕೋಣೆಯ ಗೋಡೆಯ ತುಂಬ ಹುಟ್ಟು ಹಿಡಿದ ಚಿರಂತನ ಫೋಟೋಗಳು. ಕೆಳಗೆ ಹಾಸಿಗೆಯ ಮೇಲೆ ಅವನೇ ಗೊರಕೆ ಹೊಡೆಯುತ್ತಿದ್ದ.

ಠಾಣೆಯಲ್ಲಿ 7.05ಕ್ಕೆ ವಿಚಾರಣೆ ಶುರುವಾಯಿತು. ಹದಿನೈದು ನಿಮಿಷ ಅವನು ಮಧ್ಯಾಹ್ನದ ಕತೆಯನ್ನೇ ತಿರುಗಿ ಹೇಳಿದ. ಅರ್ಪಿತ ಒಂದೇ ಪ್ರಶ್ನೆ ಹಿಡಿದು ಕೂತಳು.

“ಒಂದು ಜಾಕೆಟ್ ಯಾಕೆ ಒಣಗಿತ್ತು?”

“ಯಾವ ಜಾಕೆಟ್?”

“ಗುರುಸಿದ್ದಂದು. ಯಾಕೆ ಒಣಗಿತ್ತು?”

ಚಿರಂತ್ ಅಂಗೈ ಉಜ್ಜಿಕೊಂಡ. ಹುಟ್ಟು ಹಿಡಿದು ಎದ್ದ ಬೊಬ್ಬೆಗಳನ್ನು ನೋಡಿಕೊಂಡ.

“ಬಂಡೆ ಮೇಲಿದಾನೆ ಮೇಡಂ.”

ಬರೆದುಕೊಳ್ಳುತ್ತಿದ್ದ ಭೀಮರಾಯನ ಪೆನ್ನು ನಿಂತಿತು.

“ಇದಾನೆ ಅಂದ್ರೆ?”

“ಸಮುದ್ರದೊಳಗೆ ಒಂದು ಬಂಡೆ ಇದೆ, ಕ್ಯಾಂಪಿಂದ ಒಂದೂವರೆ ಕಿಲೋಮೀಟರ್. ಅಲ್ಲಿ ಬಿಟ್ಟು ಬಂದೆ.”

“ಯಾವಾಗ?”

“ನಿನ್ನೆ ಬೆಳಗ್ಗೆ.”

ಹನ್ನೆರಡು ವರ್ಷದಲ್ಲಿ ಅರ್ಪಿತ ಕೊಲೆ ಒಪ್ಪಿಕೊಂಡವರನ್ನು ಕಂಡಿದ್ದಳು. ಅತ್ತವರನ್ನು, ನಕ್ಕವರನ್ನು, ದೇವರ ಹೆಸರು ಹೇಳಿದವರನ್ನು ಕಂಡಿದ್ದಳು. ಒಬ್ಬ ಮನುಷ್ಯನನ್ನು ಸಮುದ್ರದ ಬಂಡೆಯ ಮೇಲಿಟ್ಟು, ಕಾರು ಓಡಿಸಿಕೊಂಡು ಊರಿಗೆ ಬಂದು, ಅವನ ತಂಗಿಗೆ ಧೈರ್ಯ ಹೇಳಿ, ಊಟ ಮಾಡಿ ಮಲಗಿದವನನ್ನು ಕಂಡಿರಲಿಲ್ಲ. ಅವಳ ಕೈ ತಾನಾಗಿ ಫೋನಿನ ಕಡೆ ಹೋಯಿತು.

7.24ಕ್ಕೆ ಕರಾವಳಿಯ ಪೊಲೀಸರಿಗೂ ದೇವಿದಾಸನಿಗೂ ಸುದ್ದಿ ಮುಟ್ಟಿತು. ದೇವಿದಾಸ ಮತ್ತು ಇಬ್ಬರು ಮೀನುಗಾರರು ಇಂಜಿನ್ ದೋಣಿ ಇಳಿಸಿದರು. ಬಂಡೆಯ ಹತ್ತಿರದವರೆಗೂ ಹೋದರು. ಅಲೆ ಎತ್ತಿ ಬಿಸಾಡುತ್ತಿತ್ತು, ಕೂಗಿದರೆ ಉತ್ತರ ಬರಲಿಲ್ಲ. ಬೆಳಕಾಗುವವರೆಗೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ ಎಂದು ವಾಪಸಾದರು. ಅರ್ಪಿತ ಘಟನೆ ನಡೆದ ಜಾಗದ ಠಾಣೆಗೆ ಕಳಿಸಲು ಝೀರೋ ಎಫ್‌ಐಆರ್ ಬರೆಸಿ, ಚಿರಂತನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟಳು. ಬೆಂಚಿನ ಮೇಲಿದ್ದ ಭಾಗ್ಯಜ್ಯೋತಿಗೆ ಭೀಮರಾಯ, “ತಂಗಿ, ನಿಮ್ಮಣ್ಣ ಎಲ್ಲದಾನ ಅಂತ ಗೊತ್ತಾತು. ತರಾಕ ಹೊಂಟೀವಿ” ಎಂದಷ್ಟೇ ಹೇಳಿದ. ಅದಕ್ಕಿಂತ ಹೆಚ್ಚು ಹೇಳುವ ಗುಂಡಿಗೆ ಅವನಿಗಿರಲಿಲ್ಲ.

ಮೇ 27, ಮಂಗಳವಾರ, ಬೆಳಗ್ಗೆ 7.40. ದೇವಿದಾಸನ ದೋಣಿ ಬಂಡೆಯ ಮಗ್ಗುಲಿಗೆ ಹೋಯಿತು. ಎರಡು ಆಟೋ ನಿಲ್ಲಿಸುವಷ್ಟು ಜಾಗ, ಅದರ ಮೇಲೆ ಹಕ್ಕಿ ಹಿಕ್ಕೆ, ಚೂಪಾದ ಚಿಪ್ಪು. ಗುರುಸಿದ್ದ ಒಂದು ಬಿರುಕಿನಲ್ಲಿ ಸಿಕ್ಕಿಕೊಂಡಿದ್ದ. ತನ್ನ ಅಂಗಿಯನ್ನು ಹರಿದು ಹೊಸೆದು, ಒಂದು ತುದಿಯನ್ನು ಬಂಡೆಯ ಮೊನೆಗೆ, ಇನ್ನೊಂದನ್ನು ತನ್ನ ಎಡಗೈಗೆ ಕಟ್ಟಿಕೊಂಡಿದ್ದ. ಅಲೆ ಅವನನ್ನು ಮುಳುಗಿಸಿತ್ತು, ಆದರೆ ಒಯ್ಯಲು ಆಗಿರಲಿಲ್ಲ.

ಪಂಚನಾಮೆ 8.15ಕ್ಕೆ ಶುರುವಾಗಿ 10ಕ್ಕೆ ಮುಗಿಯಿತು. ಪಂಚರಾಗಿ ಇಬ್ಬರು ಮೀನುಗಾರರು ಸಹಿ ಹಾಕಿದರು. ದೇವಿದಾಸ ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ.

“ನನ್ನ ಹತ್ರ ಒಂದು ಮಾತು ಹೇಳಿದ್ರೆ ಸಾಕಿತ್ತು ಮೇಡಂ. ಭಾನುವಾರ ಮಧ್ಯಾಹ್ನ ಅಲೆ ಇಷ್ಟು ಇರ್ಲಿಲ್ಲ. ಇಂಜಿನ್ ದೋಣಿಗೆ ಹದಿನೈದು ನಿಮಿಷದ ಕೆಲಸ. ಅವ ನನ್ನ ಎದುರಿಗೇ ನಿಂತು ಜಾಕೆಟ್ ಕೊಟ್ಟ.”

10.30ಕ್ಕೆ ಅದೇ ಮರಳಿನ ಮೇಲೆ ಚಿರಂತನ ಬಂಧನ ದಾಖಲಾಯಿತು. ಅವನು ಬಂಧನ ಪತ್ರವನ್ನು ಎರಡು ಸಲ ಓದಿದ. ಸಹಿ ಹಾಕುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದ.

“ಇದು ಪೇಪರ್‌ನಲ್ಲಿ ಬರುತ್ತಾ ಮೇಡಂ? ಹೆಸರು ಹಾಕ್ತಾರಾ?”

ಭೀಮರಾಯ ಎದ್ದು ಹತ್ತು ಹೆಜ್ಜೆ ದೂರ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತ. ಇಲ್ಲದಿದ್ದರೆ ಕೈ ಎತ್ತಿಬಿಡುತ್ತಿದ್ದೆ ಎಂದು ಆಮೇಲೆ ಅರ್ಪಿತಳಿಗೆ ಹೇಳಿದ.

ಆ ಮಧ್ಯಾಹ್ನದ ಹೇಳಿಕೆಯಲ್ಲಿ ಉಳಿದದ್ದೆಲ್ಲ ಹೊರಬಂತು. ಶನಿವಾರ ಸಂಜೆ ಟೆಂಟಿನ ಮುಂದೆ ಕೂತು ಚಿರಂತ್ ತನ್ನ ಸಾಹಸ ಹೇಳುತ್ತಿದ್ದ. ಹೋದ ವರ್ಷ ನವೆಂಬರಿನಲ್ಲಿ ಕಾರವಾರದಿಂದ ಮಲ್ಪೆಯವರೆಗೆ ಆರು ದಿನ ಒಬ್ಬನೇ ಹುಟ್ಟು ಹಾಕಿದ ಕತೆ. ಆ ಕತೆಯಿಂದಲೇ ಅವನಿಗೆ ಇಷ್ಟು ಜನ ಶಿಷ್ಯರು, ಇಷ್ಟು ಫೋಟೋಗಳಿಗೆ ಇಷ್ಟು ಮೆಚ್ಚುಗೆ. ಗುರುಸಿದ್ದ ನಡುವೆ ಕೇಳಿದ: “ನವೆಂಬರ್‌ದಾಗ? ಆ ತಿಂಗಳು ಪೂರ್ತಿ ನಾವಿಬ್ರೂ ನೈಟ್ ಶಿಫ್ಟ್ ಇದ್ವಲ್ಲೋ?” ಮನು, ಮಧುಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲಗುವವರೆಗೂ ನೆನೆಸಿಕೊಂಡು ನಕ್ಕರು. ಅಂಥ ಯಾತ್ರೆ ನಡೆದೇ ಇರಲಿಲ್ಲ.

ಮರುದಿನ ಐದೂವರೆಗೆ ಚಿರಂತ್, ಸೂರ್ಯೋದಯ ತೋರಿಸುತ್ತೇನೆ ಎಂದು ಗುರುಸಿದ್ದನೊಬ್ಬನನ್ನೇ ಎಬ್ಬಿಸಿ ಕರೆದೊಯ್ದ. ಬಂಡೆ ಹತ್ತಿಸಿದ. ಫೋಟೋ ಚೆನ್ನಾಗಿ ಬರಲಿ, ಜಾಕೆಟ್ ಬಿಚ್ಚಿ ಕಯಾಕಿಗೆ ಎಸೆ ಅಂದ. ತನ್ನ ಸಣ್ಣ ಕ್ಯಾಮೆರಾದಲ್ಲಿ ಎರಡು ಫೋಟೋ ತೆಗೆದು, ಕಯಾಕ್ ತಿರುಗಿಸಿ ಹೊರಟ. ಅರ್ಧ ಗಂಟೆ ಹೆದರಿಸಿ ಕರೆತರುವ ಲೆಕ್ಕ ಅವನದು. ವಾಪಸ್ ಹೋದಾಗ ಗಾಳಿ ಎದ್ದಿತ್ತು. ಎರಡು ಸಲ ಪ್ರಯತ್ನಪಟ್ಟ, ಕಯಾಕನ್ನು ಬಂಡೆಯ ಮಗ್ಗುಲಿಗೆ ತರಲು ಅವನಿಂದ ಆಗಲಿಲ್ಲ. ಅಷ್ಟು ವಿದ್ಯೆ ಅವನಿಗಿರಲಿಲ್ಲ. ಯಾರಿಗಾದರೂ ಹೇಳಿದರೆ ಅದೂ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಹೇಳಲಿಲ್ಲ. ದಡಕ್ಕೆ ಬಂದ ಮೇಲೆ ಮೆಸೇಜ್ ಮಾಡಿ, ಗುರುಸಿದ್ದನ ಫೋನನ್ನು ಜೆಟ್ಟಿಯ ಕೊನೆಯಿಂದ ನೀರಿಗೆ ಬಿಟ್ಟ.

“ಹೇಗಿದ್ರೂ ಭಾನುವಾರವೇ ಹೋಗಿರ್ತಾನೆ ಅನ್ಕೊಂಡೆ ಮೇಡಂ. ಇನ್ನು ಹೇಳಿ ಏನು ಪ್ರಯೋಜನ ಅಂತ” ಎಂಬುದು ಹೇಳಿಕೆಯ ಕೊನೆಯ ಸಾಲು.

ಗುರುಸಿದ್ದನ ಮಣಿಕಟ್ಟಿನಲ್ಲಿ ಹೆಜ್ಜೆ, ನಾಡಿ ಎಣಿಸುವ ವಾಚೊಂದಿತ್ತು. ಮೇ 30, ಶುಕ್ರವಾರ, ಸೈಬರ್ ವಿಭಾಗದಿಂದ ಅದರ ವಿವರ ಬಂತು. ಒಂದೇ ಪುಟ. ಭಾನುವಾರ 3,906 ಹೆಜ್ಜೆ. ಸೋಮವಾರ 412 ಹೆಜ್ಜೆ. ಎರಡು ಆಟೋ ನಿಲ್ಲುವಷ್ಟು ಜಾಗದಲ್ಲಿ ಅಷ್ಟು ಹೆಜ್ಜೆ. ಕೊನೆಯ ನಾಡಿ ಬಡಿತ, ಸೋಮವಾರ ಸಂಜೆ 4.52.

ಅರ್ಪಿತ ಆ ಪುಟವನ್ನೂ ಚಿರಂತನ ಮೊದಲ ಹೇಳಿಕೆಯನ್ನೂ ಪಕ್ಕ ಪಕ್ಕ ಇಟ್ಟುಕೊಂಡಳು. ಅವನು ಸಹಿ ಹಾಕಿ ಎದ್ದದ್ದು 1.15ಕ್ಕೆ. ಆಗ ಒಂದು ಫೋನು, ದೇವಿದಾಸನಿಗೆ ಒಂದೇ ಒಂದು ಫೋನು ಮಾಡಿದ್ದರೆ ಮೂರೂವರೆ ಗಂಟೆ ಸಮಯವಿತ್ತು. 4.52ಕ್ಕೆ ಅವಳು ಮಧುಶ್ರೀಯ ಕೋಣೆಯಲ್ಲಿ ಮುಲಾಮಿನ ವಾಸನೆಯ ನಡುವೆ ಕೂತು, ಬ್ಯಾಗ್ ಎಲ್ಲಿತ್ತು ಎಂದು ಕೇಳುತ್ತಿದ್ದಳು. ನಿಮ್ಮ ತಪ್ಪಿಲ್ಲ ಮೇಡಂ ಎಂದ ಭೀಮರಾಯ. ಅದು ಅವಳ ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಬಾಗಿಲು ಹಾಕಿಕೊಂಡು ಕಾಲು ಗಂಟೆ ಅತ್ತಳು. ಆಮೇಲೆ ಮುಖ ತೊಳೆದು ಬಂದು ಎರಡೂ ಹಾಳೆಗಳನ್ನು ಕಡತಕ್ಕೆ ಸೇರಿಸಿದಳು.

ಜೂನ್ 4, ಬುಧವಾರ, 11.30. ಊರಿನಲ್ಲಿ ಅಣ್ಣನನ್ನು ಮಣ್ಣು ಮಾಡಿ ಬಂದಿದ್ದ ಭಾಗ್ಯಜ್ಯೋತಿ ಪೂರಕ ಹೇಳಿಕೆ ಕೊಡಲು ಠಾಣೆಗೆ ಬಂದಳು. ಈ ಸಲ ಕುರ್ಚಿಯ ಮೇಲೆ ಕೂತಳು.

“ಯಾವಾಗ ಹೋದ್ನ್ರೀ ನಮ್ಮಣ್ಣ? ಖರೇ ಹೇಳ್ರಿ.”

ಅರ್ಪಿತ ಮುಚ್ಚಿಡಲಿಲ್ಲ. ಹೇಳಿದಳು.

ಭಾಗ್ಯಜ್ಯೋತಿ ತಲೆಯಲ್ಲೇ ಲೆಕ್ಕ ಹಾಕಿದಳು. “ಅಂದ್ರ ಅಂವಾ ನನಗ ‘ಬರ್ತಾನೆ ಸಿಸ್ಟರ್’ ಅಂದಾಗ ನಮ್ಮಣ್ಣ ಇದ್ದ.”

“ಹೌದಮ್ಮ.”

“ಯಾಕ್ ಮಾಡಿದ್ನ್ರೀ ಹಂಗ?”

ಅರ್ಪಿತ ನವೆಂಬರಿನ ಮಾತು, ಅದಕ್ಕೆ ಎದ್ದ ನಗು, ಎಲ್ಲವನ್ನೂ ಓದಿ ಹೇಳಿದಳು. ತನ್ನ ಸುಳ್ಳನ್ನು ಎಲ್ಲರೆದುರು ಬಯಲು ಮಾಡಿದ ಎಂಬ ಸಿಟ್ಟು, ಅವಮಾನ, ಅದೇ ಕಾರಣ ಎಂದಳು. ಭಾಗ್ಯಜ್ಯೋತಿ ಅರ್ಥವಾಗದವಳ ಹಾಗೆ ಅವಳನ್ನೇ ನೋಡಿದಳು.

“ಬಯಲು ಮಾಡಾಕ ಕೇಳಿಲ್ರೀ ನಮ್ಮಣ್ಣ. ಚಿರಂತ್ ಅಂದ್ರ ದೇವ್ರು ಇದ್ದಂಗ ಇದ್ದ ಅವಗ. ಅವ್ವಗ ಫೋನ್ ಹಚ್ಚಿ, ನನ್ನ ದೋಸ್ತ ಒಬ್ಬನ ಸಮುದ್ರ ದಾಟ್ಯಾನ ಅಂತ ಹೇಳ್ತಿದ್ದ. ಈ ವರ್ಷ ತಾನೂ ಅವನ ಕೂಡ ಹೋಗಬೇಕಂತ ಮೂರು ವಾರದಿಂದ ಈಜು ಕಲಿಯಾಕ ಹೊಂಟಿದ್ದ. ಚಿರಂತ್ ನವೆಂಬರ್ ಅಂದಾನ, ತಿಂಗಳು ತಪ್ಪಿ ಹೇಳ್ಯಾನೇನೋ ಅಂತ ನಮ್ಮಣ್ಣ ಕೇಳ್ಯಾನ್ರೀ. ರಜಾ ಹಾಕಬೇಕಿತ್ತಲ್ರೀ ಅವಗ, ಯಾವ ತಿಂಗಳು ಅಂತ ತಿಳೀಬೇಕಿತ್ತು.”

ಭೀಮರಾಯ ಬರೆಯುವುದೋ ಬೇಡವೋ ಎಂಬಂತೆ ತಲೆಯೆತ್ತಿದ. ಬರೆದುಕೊಳ್ಳಿ ಎಂದು ಅರ್ಪಿತ ಸನ್ನೆ ಮಾಡಿದಳು. ಅವನು ಬರೆದು, ಓದಿ ಹೇಳಿದ. ಭಾಗ್ಯಜ್ಯೋತಿ ಕೆಳಗೆ ಸಹಿ ಹಾಕಿದಳು.